ಗ್ರಂಥಾಲಯದಲ್ಲಿ ಹದಿಹರೆಯದವರಿಗೊಂದು ಬೇಸಿಗೆ ಕಪಾಟು: ಸಿದ್ಧಪಡಿಸುವುದು ಹೇಗೆ?

ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಬರುತ್ತದೆ. ಅಲ್ಲಿಂದ ಮೇ ಕೊನೆಯವರೆಗೆ ಮಕ್ಕಳಿಗೆ ಆರೇಳು ವಾರಗಳ ಬಿಡುವು. ಹತ್ತನೆಯ ತರಗತಿ ಮುಗಿಸಿದವರಿಗಂತೂ ಪಿಯುಸಿ ತರಗತಿಗಳು ಆರಂಭವಾಗುವ ತನಕ ಇನ್ನೂ ಹೆಚ್ಚು. ಈ ದಿನಗಳಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಬರುವ ಹದಿಮೂರರಿಂದ ಹದಿನೆಂಟರ ಹುಡುಗ ಹುಡುಗಿಯರಿಗೆ ಅಲ್ಲಿ ತಮ್ಮದೆನ್ನುವ ಜಾಗ ಸಿಗುವುದು ಕಡಿಮೆ. ಮಕ್ಕಳ ವಿಭಾಗದ ಚಿತ್ರಪುಸ್ತಕಗಳ ವಯಸ್ಸನ್ನು ಅವರು ದಾಟಿರುತ್ತಾರೆ. ಓದುವ ಕೊಠಡಿಯ ಮೇಜುಗಳಲ್ಲಿ ಪತ್ರಿಕೆ ಓದುವ ಹಿರಿಯರೂ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಅಣ್ಣ ಅಕ್ಕಂದಿರೂ ಕುಳಿತಿರುತ್ತಾರೆ. ಎರವಲು ವಿಭಾಗದ ಉದ್ದನೆಯ ಸಾಲುಗಳಲ್ಲಿ ತನಗೆ ಹಿಡಿಸುವ ಪುಸ್ತಕ ಎಲ್ಲಿದೆಯೆಂದು ತೋರಿಸುವವರು ಯಾರೂ ಇರುವುದಿಲ್ಲ.

ಇದಕ್ಕೆ ಹೊಸ ಕಟ್ಟಡವಾಗಲಿ ಅನುದಾನವಾಗಲಿ ಬೇಕಿಲ್ಲ. ಒಂದು ಕಪಾಟು, ನಲವತ್ತು ಐವತ್ತು ಪುಸ್ತಕಗಳು, ಕೈಬರಹದ ಕೆಲವು ಚೀಟಿಗಳು ಮತ್ತು ದಿನಕ್ಕೆ ಅರ್ಧ ಗಂಟೆ ಮಾತನಾಡಲು ಸಿದ್ಧರಿರುವ ಒಬ್ಬ ವ್ಯಕ್ತಿ ಇದ್ದರೆ ಸಾಕು. ಆ ವ್ಯಕ್ತಿ ಗ್ರಂಥಪಾಲಕರಾಗಿರಬಹುದು, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರಾಗಿರಬಹುದು, ಅವರ ಒಪ್ಪಿಗೆ ಪಡೆದ ಶಿಕ್ಷಕರೋ ಪೋಷಕರೋ ಆಗಿರಬಹುದು. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಬೇಸಿಗೆ ಕಪಾಟಿನ ಕೆಲಸವೆಲ್ಲ ಈ ಎರಡು ಸೂತ್ರಗಳನ್ನು ಒಂದೆಡೆ ಸೇರಿಸುವುದೇ ಆಗಿದೆ. ಆದ್ದರಿಂದ ಶ್ರೇಷ್ಠ ಕೃತಿಗಳ ಸಿದ್ಧ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ ಸುಮ್ಮನಾಗುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಪಟ್ಟಿಗೆ ಎದುರಿಗಿರುವ ಹುಡುಗಿಯ ಪರಿಚಯವಿರುವುದಿಲ್ಲ.

ಮೊದಲು ಕಪಾಟುಗಳನ್ನು ನೋಡಿ

ಕೆಲಸವನ್ನು ಮಾರ್ಚ್ ತಿಂಗಳಿನಲ್ಲೇ, ಮಕ್ಕಳು ಪರೀಕ್ಷೆಯಲ್ಲಿ ಮುಳುಗಿರುವಾಗಲೇ ಆರಂಭಿಸಬೇಕು. ಶಿಫಾರಸು ಮಾಡುವ ಪುಸ್ತಕ ಅದೇ ಗ್ರಂಥಾಲಯದಲ್ಲಿ, ಹಾಳೆಗಳು ಪೂರ್ತಿಯಾಗಿರುವ ಸ್ಥಿತಿಯಲ್ಲಿ ಇದ್ದರೆ ಮಾತ್ರ ಅದು ಶಿಫಾರಸು. ಇಲ್ಲದ ಪುಸ್ತಕವನ್ನು ಹೊಗಳಿದರೆ ಮಗು ಒಮ್ಮೆ ನಿರಾಶೆಗೊಂಡು ಮತ್ತೆ ಕೇಳುವುದನ್ನೇ ಬಿಡುತ್ತದೆ. ಹಾಗಾಗಿ ನೋಟ್‌ಬುಕ್ ಹಿಡಿದು ಸಾಲು ಸಾಲಾಗಿ ನಡೆಯಿರಿ. ನಮ್ಮ ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸಲು ಸಾಮಾನ್ಯವಾಗಿ ಬಳಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ನಂತರ 1 ಇದ್ದರೆ ಕಾವ್ಯ, 2 ಇದ್ದರೆ ನಾಟಕ, 3 ಇದ್ದರೆ ಕತೆ ಕಾದಂಬರಿ, 4 ಇದ್ದರೆ ಪ್ರಬಂಧ. ಹೊಸಬರು ಬಹುಮಟ್ಟಿಗೆ ಕಾದಂಬರಿಗಳ ಸಾಲಿನಲ್ಲೇ ನಿಂತುಬಿಡುತ್ತಾರೆ. ಆದರೆ ಹದಿಹರೆಯದವರಿಗೆ ಹಿಡಿಸುವ ಪುಸ್ತಕಗಳಲ್ಲಿ ಅರ್ಧದಷ್ಟು ಬೇರೆ ಕಡೆ ಇರುತ್ತವೆ. 500ರ ಸಾಲಿನ ವಿಜ್ಞಾನ, 910ರ ಸುತ್ತಲಿನ ಪ್ರವಾಸ ಕಥನ, 920ರ ಜೀವನಚರಿತ್ರೆ ಮತ್ತು ಆತ್ಮಕಥನಗಳನ್ನು ಬಿಡದೆ ನೋಡಬೇಕು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಒಂದು ಗ್ರಂಥಾಲಯದಲ್ಲಿ ಸಸ್ಯಶಾಸ್ತ್ರದ ಸಾಲಿನಲ್ಲಿದ್ದರೆ ಇನ್ನೊಂದರಲ್ಲಿ ಪ್ರಬಂಧಗಳ ನಡುವೆ ಇರಬಹುದು.

ಆರಿಸಿದ ಪ್ರತಿ ಪುಸ್ತಕದ ದಾಖಲಾತಿ ಸಂಖ್ಯೆ, ಎಷ್ಟು ಪ್ರತಿಗಳಿವೆ, ಈಗ ಯಾರಾದರೂ ಎರವಲು ಪಡೆದಿದ್ದಾರೆಯೇ ಎಂಬುದನ್ನು ಬರೆದುಕೊಳ್ಳಿ. ಗೆದ್ದಲು ಹಿಡಿದದ್ದನ್ನೂ ಹಾಳೆ ಕಿತ್ತುಹೋದದ್ದನ್ನೂ ಕಪಾಟಿಗೆ ಸೇರಿಸಬೇಡಿ. ಮೊದಲ ಸಲ ಬಂದವರ ಕೈಗೆ ಅಂಥ ಪ್ರತಿ ಹೋಗಬಾರದು.

ಅನಂತರ ಮಕ್ಕಳನ್ನು ಕೇಳಿ

‘ನಿನಗೆ ಯಾವ ಪುಸ್ತಕ ಇಷ್ಟ?’ ಎಂಬ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಓದುವ ಅಭ್ಯಾಸವಿಲ್ಲದವರು ಇದಕ್ಕೆ ತಲೆ ತಗ್ಗಿಸುತ್ತಾರೆ, ಇದ್ದವರು ಪಠ್ಯಪುಸ್ತಕದ ಕವಿಯ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಅದರ ಬದಲು ಯಾರೂ ಹೇಳದೆ ತಾವಾಗಿಯೇ ಏನನ್ನು ನೋಡುತ್ತಾರೆ, ಯಾವುದರ ಬಗ್ಗೆ ಗೆಳೆಯರೊಡನೆ ಗಂಟೆಗಟ್ಟಲೆ ಮಾತನಾಡುತ್ತಾರೆ ಎಂದು ಕೇಳಬೇಕು. ಕನ್ನಡದಲ್ಲಿ ಓದುವುದು ಸಲೀಸೋ ನಿಧಾನವೋ ಎಂಬುದನ್ನೂ ಕೇಳಬೇಕು, ಆದರೆ ನಾಲ್ಕು ಜನರ ಮುಂದೆ ಕೇಳಬಾರದು. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತನಾಡಿಯೂ ಓದುವಾಗ ಅಕ್ಷರ ಕೂಡಿಸುವ ಮಕ್ಕಳು ಈಗ ಹಳ್ಳಿಗಳಲ್ಲೂ ಇದ್ದಾರೆ. ಅವರಿಗೆ ನಾಚಿಕೆಯಾಗುವಂತೆ ಮಾಡಿದರೆ ಕನ್ನಡದ ಓದಿನಿಂದ ಅವರು ಶಾಶ್ವತವಾಗಿ ದೂರವಾಗಬಹುದು.

ಪುಸ್ತಕ ಹೊಂದಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು. ಪುಸ್ತಕಗಳನ್ನು ವಯಸ್ಸಿಗೆ ಅನುಗುಣವಾಗಿ ಅಲ್ಲ, ಆಸಕ್ತಿಗೆ ಅನುಗುಣವಾಗಿ ಗುಂಪು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಹಸ, ಪ್ರಾಣಿ, ಕಾಡು ಎಂದರೆ ಕಣ್ಣರಳಿಸುವವರಿಗೆ ಪೂರ್ಣಚಂದ್ರ ತೇಜಸ್ವಿಯವರಿಗಿಂತ ಒಳ್ಳೆಯ ಆರಂಭ ಕನ್ನಡದಲ್ಲಿಲ್ಲ. ಆದರೆ ಅವರ ಯಾವ ಪುಸ್ತಕವನ್ನು ಮೊದಲು ಕೊಡುತ್ತೀರಿ ಎಂಬುದು ಮುಖ್ಯ. ಪುಸ್ತಕ ಹಿಡಿದು ಕೂರುವ ರೂಢಿಯೇ ಇಲ್ಲದ ಹುಡುಗನಿಗೆ ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಸರಣಿಯ ಒಂದು ಸಂಪುಟ ಕೊಡಿ. ಕತೆಗಳು ಬಿಡಿಬಿಡಿಯಾಗಿರುವುದರಿಂದ ಒಂದನ್ನು ಮುಗಿಸಿದ ತೃಪ್ತಿ ಅದೇ ಸಂಜೆ ಸಿಗುತ್ತದೆ. ಇಂದು ಬೆಂಗಳೂರಿನೊಳಗೇ ಸೇರಿಹೋಗಿರುವ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ಚಿರತೆಯ ಕಾಟವಿತ್ತೆಂದು ಓದುವಾಗ ನಗರದ ಮಕ್ಕಳಿಗೆ ಆಗುವ ಅಚ್ಚರಿಯೇ ಬೇರೆ. ಆಮೇಲೆ ‘ಪರಿಸರದ ಕತೆ’, ಅದು ಹಿಡಿಸಿದರೆ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿ ಹೊರಟವರ ಆ ಕಾದಂಬರಿಯಲ್ಲಿ ಜೇನು, ಹಳ್ಳಿಯ ಹುಡುಗ ಮಂದಣ್ಣನ ಮದುವೆ, ಕೋರ್ಟಿನ ವ್ಯವಹಾರ ಎಲ್ಲವೂ ಇದ್ದು, ವಿಜ್ಞಾನಿಯೊಬ್ಬ ಆ ಹುಡುಗನಲ್ಲಿ ಕಾಣುವ ಪ್ರತಿಭೆಯನ್ನು ಸುತ್ತಲಿನ ಊರು ಕಾಣುವುದಿಲ್ಲ ಎಂಬ ಎಳೆ ಹದಿಹರೆಯದ ಓದುಗರನ್ನು ಆಳವಾಗಿ ಮುಟ್ಟುತ್ತದೆ. ಪತ್ತೇದಾರಿ ಬೇಕೆನ್ನುವವರಿಗೆ ನೇರವಾಗಿ ‘ಜುಗಾರಿ ಕ್ರಾಸ್’ ಕೊಡಬಹುದು. ಏಲಕ್ಕಿ ಮಾರಲು ಪೇಟೆಗೆ ಬಂದ ರೈತ ದಂಪತಿಯ ಬೆನ್ನು ಹತ್ತುವ ಆ ಕತೆಯನ್ನು ನಡುವೆ ಕೆಳಗಿಡುವುದು ಕಷ್ಟ. ಗಿಡಮರಗಳಲ್ಲಿ ಒಲವಿರುವವರಿಗೆ ‘ಹಸುರು ಹೊನ್ನು’ ಸರಿಹೊಂದುತ್ತದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅಧ್ಯಾಪಕರೊಬ್ಬರ ನಗೆಬುಗ್ಗೆ. ಸಸ್ಯಗಳ ಲ್ಯಾಟಿನ್ ಹೆಸರುಗಳಿಗೆ ಹೆದರದೆ ಮುಂದುವರಿಯುವಂತೆ ಮೊದಲೇ ಹೇಳಿಕೊಡಬೇಕು.

ತನ್ನಂಥವರ ಬದುಕನ್ನು ಪುಸ್ತಕದಲ್ಲಿ ಹುಡುಕುವವರಿಗೆ ಆತ್ಮಕಥನಗಳು ಬೇಕು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಈ ಕಪಾಟಿನಲ್ಲಿ ಇರಲೇಬೇಕು. ಬಡತನವನ್ನೂ ಜಾತಿಯ ಅವಮಾನವನ್ನೂ ಇಷ್ಟು ತಿಳಿಯಾದ ಭಾಷೆಯಲ್ಲಿ, ಓದುಗನಿಗೆ ನಗು ಬರುವಂತೆಯೂ ಎದೆ ಹಿಂಡುವಂತೆಯೂ ಬರೆದ ಪುಸ್ತಕಗಳು ಕಡಿಮೆ. ಇದರ ಜೊತೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಇಡಿ. ಅದು ತೆಳುವಾದ ಪುಸ್ತಕ, ಉಳಲು ತನ್ನದೇ ತುಂಡು ಭೂಮಿ ಬೇಕೆಂಬ ಒಂದೇ ಆಸೆಯ ಸುತ್ತ ನಡೆಯುವ ಕತೆ. ಕಾರಂತರ ‘ಬೆಟ್ಟದ ಜೀವ’ವನ್ನು ಮಾತ್ರ ಓದಿನಲ್ಲಿ ಸ್ವಲ್ಪ ಪಳಗಿದವರಿಗೆ ಇಡಬೇಕು; ಮಗನಿಗಾಗಿ ಕಾಯುವ ಮುದುಕ ದಂಪತಿಯ ನಿಧಾನಗತಿಯ ಬದುಕು ಹದಿಮೂರರ ವಯಸ್ಸಿನಲ್ಲಿ ಎಲ್ಲರಿಗೂ ಒಗ್ಗುವುದಿಲ್ಲ, ಹದಿನೇಳರಲ್ಲಿ ಒಗ್ಗಬಹುದು.

ಚಿಕ್ಕವರಿಗೂ ದೊಡ್ಡವರಿಗೂ ನಡುವಿನ ಪುಸ್ತಕಗಳು ಕನ್ನಡದಲ್ಲಿ ಇನ್ನೂ ಸಾಕಷ್ಟಿಲ್ಲ. ಆದ್ದರಿಂದ ಸಿಕ್ಕವನ್ನು ಜೋಪಾನವಾಗಿ ಮುಂದಿಡಬೇಕು. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಮತ್ತು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’, ಇವೆರಡೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದಿವೆ. ದೂರದ ದೇಶಗಳ ಬಗ್ಗೆ ಕುತೂಹಲವಿದ್ದವರಿಗೆ ನಿರಂಜನರು ಸಂಪಾದಿಸಿದ 25 ಸಂಪುಟಗಳ ‘ವಿಶ್ವಕಥಾಕೋಶ’ ಇದೆ. ಎರಡನೆಯ ಮಹಾಯುದ್ಧವನ್ನು ಸಿನಿಮಾಗಳಿಂದ ಮಾತ್ರ ಬಲ್ಲವರಿಗೆ ನೇಮಿಚಂದ್ರರ ‘ಯಾದ್ ವಶೇಮ್’ ಕೊಡಿ. ಯೆಹೂದಿಗಳ ಹತ್ಯಾಕಾಂಡದ ಕಾಲದಲ್ಲಿ ಬೆಂಗಳೂರಿಗೆ ಬಂದು ಸೇರುವ ಬಾಲಕಿಯ ಕತೆ ಅದು.

ಕನ್ನಡ ನಿಧಾನವಾಗಿ ಓದುವವರಿಗೆ ಚಿಕ್ಕ ಅಧ್ಯಾಯಗಳ, ದಪ್ಪ ಅಕ್ಷರಗಳ ಪುಸ್ತಕ ಕೊಟ್ಟು ಮೊದಲ ಎರಡು ಪುಟಗಳನ್ನು ನೀವೇ ಓದಿ ಹೇಳಿ. ಇಂಗ್ಲಿಷ್, ಉರ್ದು, ಮರಾಠಿ, ತೆಲುಗು ಪುಸ್ತಕಗಳಿಗೂ ಒಂದು ಅಡ್ಡಹಲಗೆ ಇರಲಿ. ಗಡಿ ಜಿಲ್ಲೆಗಳಲ್ಲಿ ಇದು ಅನಿವಾರ್ಯ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಸಾವು, ಜಾತಿ, ಹಿಂಸೆ, ಪ್ರೇಮ ಇರುವ ಪುಸ್ತಕಗಳನ್ನು ಈ ವಯಸ್ಸಿನವರಿಗೆ ಕೊಡಬಹುದೇ? ಕೊಡಬೇಕು, ಆದರೆ ಕೊಡುವವರು ಅದನ್ನು ಮೊದಲು ಓದಿರಬೇಕು. ಕಷ್ಟದ ವಿಷಯವನ್ನು ಹದಿಹರೆಯದವರು ಹೇಗೂ ಮೊಬೈಲ್‌ನಲ್ಲಿ, ಬೀದಿಯಲ್ಲಿ, ಕೆಲವೊಮ್ಮೆ ಸ್ವಂತ ಮನೆಯಲ್ಲಿ ಎದುರಿಸುತ್ತಿರುತ್ತಾರೆ. ಒಳ್ಳೆಯ ಲೇಖಕರ ಜೊತೆ ಅದನ್ನು ಎದುರಿಸುವುದು ಹೆಚ್ಚು ಸುರಕ್ಷಿತ. ಪೋಷಕರು ಆಕ್ಷೇಪಿಸಿದರೆ ವಾದಕ್ಕಿಳಿಯದೆ ಪುಸ್ತಕವನ್ನು ಅವರ ಕೈಗೇ ಕೊಟ್ಟು, ಓದಿ ಬಂದ ಮೇಲೆ ಮಾತನಾಡೋಣ ಎನ್ನಿ.

ಪರಿಚಯದ ಚೀಟಿ

ಪ್ರತಿ ಪುಸ್ತಕಕ್ಕೂ ಅಂಗೈಯಗಲದ ರಟ್ಟಿನ ಚೀಟಿ ಬೇಕು. ಅದರಲ್ಲಿ ಕಥಾಸಾರ ಬರೆಯಬಾರದು, ‘ಮಹೋನ್ನತ ಕೃತಿ’, ‘ಎಲ್ಲರೂ ಓದಲೇಬೇಕು’ ಎಂಬಂಥ ಮಾತುಗಳನ್ನೂ ಬರೆಯಬಾರದು. ಕತೆ ಎಲ್ಲಿಂದ ಹೊರಡುತ್ತದೆ, ಯಾರಿಗೆ ಹಿಡಿಸಬಹುದು, ಇದಾದ ಮೇಲೆ ಯಾವುದನ್ನು ಓದಬಹುದು, ಇಷ್ಟು ಸಾಕು. ಉದಾಹರಣೆಗೆ ‘ಕರ್ವಾಲೊ’ದ ಚೀಟಿ ಹೀಗಿರಬಹುದು: ‘ಹಾರುವ ಓತಿಯನ್ನು ಕಂಡಿದ್ದೇನೆ ಎನ್ನುತ್ತಾನೆ ಮಂದಣ್ಣ. ಊರಿನಲ್ಲಿ ಅವನ ಮಾತಿಗೆ ಬೆಲೆಯಿಲ್ಲ, ಒಬ್ಬ ವಿಜ್ಞಾನಿ ಮಾತ್ರ ನಂಬುತ್ತಾರೆ. ಕಾಡು ಸುತ್ತುವ ಆಸೆ ಇದ್ದವರಿಗೆ. ಮುಂದೆ: ಜುಗಾರಿ ಕ್ರಾಸ್.’ ರಜೆ ಮುಂದುವರಿದಂತೆ ಚೀಟಿಗಳನ್ನು ಮಕ್ಕಳಿಂದಲೇ ಬರೆಸಿ. ಹದಿನೈದರ ಹುಡುಗಿ ತನ್ನ ಕೈಬರಹದಲ್ಲಿ ಬರೆದ ಎರಡು ಸಾಲನ್ನು ಅವಳ ವಾರಿಗೆಯವರು ಗ್ರಂಥಪಾಲಕರ ಮಾತಿಗಿಂತ ಹೆಚ್ಚು ನಂಬುತ್ತಾರೆ.

ಪುಸ್ತಕಗಳನ್ನು ಬೆನ್ನು ಕಾಣುವಂತೆ ಒತ್ತಾಗಿ ಜೋಡಿಸದೆ, ಮುಖಪುಟ ಕಾಣುವಂತೆ ನಿಲ್ಲಿಸಿ. ಒಂದು ಹಲಗೆಗೆ ಏಳೆಂಟಕ್ಕಿಂತ ಹೆಚ್ಚು ಬೇಡ. ಒಂದು ಪುಸ್ತಕ ಎರವಲು ಹೋದರೆ ಅದೇ ದಿನ ಆ ಜಾಗದಲ್ಲಿ ಇನ್ನೊಂದನ್ನು ಇಡಿ.

ಸದಸ್ಯತ್ವದ ತೊಡಕು

ಚೆನ್ನಾಗಿ ಜೋಡಿಸಿದ ಕಪಾಟಿನ ಮುಂದೆ ನಿಂತೂ ಎಷ್ಟೋ ಮಕ್ಕಳು ಬರಿಗೈಯಲ್ಲಿ ಮರಳುವುದು ಸದಸ್ಯತ್ವ ಇಲ್ಲದ್ದರಿಂದ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗುತ್ತದೆ. ನಗರ ಕೇಂದ್ರ ಗ್ರಂಥಾಲಯದ ಶಾಖೆಗಳಲ್ಲಿ ಅರ್ಜಿ, ವಿಳಾಸದ ದಾಖಲೆ, ಠೇವಣಿ ಮೊದಲಾದವುಗಳನ್ನು ಕೇಳುವುದರಿಂದ, ಏನೇನು ಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕಪಾಟಿನ ಪಕ್ಕದಲ್ಲೇ ಅಂಟಿಸಿ, ಅರ್ಜಿ ತುಂಬಲು ನೆರವಾಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಿದ್ದಾರೆ. ಪುಸ್ತಕ ಕೇಳಲು ಬಂದ ಮಗು ಉಪಕಾರ ಬೇಡುತ್ತಿಲ್ಲ, ತನಗೆ ಸಲ್ಲಬೇಕಾದುದನ್ನು ಕೇಳುತ್ತಿದೆ. ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವವರಿಗೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವನ್ನು ಮೊಬೈಲ್‌ನಲ್ಲಿ ಬಳಸುವುದನ್ನು ತೋರಿಸಿಕೊಡಬಹುದು.

ಪುಸ್ತಕ ಮರಳಿ ಬಂದಾಗ

ಹಿಂತಿರುಗಿಸುವ ಹೊತ್ತಿನ ಐದು ನಿಮಿಷದ ಮಾತೇ ಮುಂದಿನ ಶಿಫಾರಸಿಗೆ ಆಧಾರ. ಸಾರಾಂಶ ಬರೆಸುವುದು, ಪ್ರಶ್ನೆ ಕೇಳಿ ಪರೀಕ್ಷಿಸುವುದು, ಯಾರು ಹೆಚ್ಚು ಪುಸ್ತಕ ಓದಿದರೆಂದು ಬಹುಮಾನ ಕೊಡುವುದು ಬೇಡ. ಲೆಕ್ಕಕ್ಕಾಗಿ ಓದುವವರು ತೆಳುವಾದ ಪುಸ್ತಕಗಳನ್ನೇ ಆರಿಸುತ್ತಾರೆ, ನಿಧಾನವಾಗಿ ದೊಡ್ಡ ಕಾದಂಬರಿ ಓದುತ್ತಿರುವವರು ಸೋತಂತೆ ಭಾವಿಸುತ್ತಾರೆ. ಅರ್ಧಕ್ಕೆ ಬಿಟ್ಟು ತಂದರೆ ಗದರಬಾರದು. ಎಲ್ಲಿ ನಿಂತಿತು, ಏಕೆ ಬೇಸರವಾಯಿತು ಎಂದು ಕೇಳಿದರೆ, ಪೂರ್ತಿ ಓದಿದವರು ಕೊಡುವುದಕ್ಕಿಂತ ಹೆಚ್ಚು ಉಪಯುಕ್ತವಾದ ಉತ್ತರ ಸಿಗುತ್ತದೆ: ಭಾಷೆ ಕಷ್ಟವಾಯಿತೋ, ಕತೆ ನಿಧಾನವಾಯಿತೋ, ಅಕ್ಷರ ಸಣ್ಣದಾಯಿತೋ ಎಂಬುದನ್ನು ತಿಳಿದು ಅದಕ್ಕೆ ತಕ್ಕ ಇನ್ನೊಂದು ಪುಸ್ತಕವನ್ನು ಆಗಲೇ ಕೈಗೆ ಕೊಡಿ.

ಮೇ ಕೊನೆಯಲ್ಲಿ ಎರಡು ಪಟ್ಟಿಗಳನ್ನು ಸಿದ್ಧಪಡಿಸಿ. ಹೆಚ್ಚು ಸಲ ಎರವಲು ಹೋದ ಪುಸ್ತಕಗಳ ಪಟ್ಟಿಯನ್ನು ಹತ್ತಿರದ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ ಕಳುಹಿಸಿದರೆ ಶಾಲೆಯ ಗ್ರಂಥಾಲಯದಲ್ಲೂ ಅವು ಹೊರಬರುತ್ತವೆ. ಮಕ್ಕಳು ಕೇಳಿಯೂ ಸಿಗದೆ ಹೋದ ಪುಸ್ತಕಗಳ ಪಟ್ಟಿಯನ್ನು, ಎಷ್ಟು ಜನ ಕೇಳಿದರೆಂಬ ಸಂಖ್ಯೆಯ ಸಹಿತ, ಪುಸ್ತಕ ಖರೀದಿಯ ಬೇಡಿಕೆಯಾಗಿ ಜಿಲ್ಲಾ ಅಥವಾ ನಗರ ಕೇಂದ್ರ ಗ್ರಂಥಾಲಯಕ್ಕೆ, ಅರಿವು ಕೇಂದ್ರವಾದರೆ ಪಂಚಾಯಿತಿಗೆ, ಲಿಖಿತವಾಗಿ ಸಲ್ಲಿಸಿ. ಅದರ ಪ್ರತಿಯೊಂದನ್ನು ಕಪಾಟಿನ ಪಕ್ಕದಲ್ಲಿ ಮಕ್ಕಳಿಗೆ ಕಾಣುವಂತೆ ಅಂಟಿಸಿ.