ವೆಲ್ಡಿಂಗ್ ಜನರೇಟರ್‌ನ ಸಾಕೆಟ್‌ನಿಂದ ಸೈಟ್ ಕೆಲಸ: ನನ್ನ ಅನುಭವ

ಕರೆಂಟ್ ಕಂಬ ಇಲ್ಲದ ಕಡೆ ಶೆಡ್ ಕಟ್ಟಲೋ ಪೈಪ್‌ಲೈನ್ ಜೋಡಿಸಲೋ ಡೀಸೆಲ್ ವೆಲ್ಡಿಂಗ್ ಸೆಟ್ ಒಯ್ದರೆ, ಗ್ರೈಂಡರ್, ಕಬ್ಬಿಣ ಕತ್ತರಿಸುವ ಕಟಾಫ್ ಮಷಿನ್, ಡ್ರಿಲ್, ವೆಲ್ಡಿಂಗ್ ರಾಡು ಬಿಸಿ ಇಡುವ ಓವನ್, ರಾತ್ರಿಯ ಲೈಟು ಎಲ್ಲವೂ ಅದರ ಪ್ಯಾನೆಲ್‌ನ ಸಾಕೆಟ್ ಮೇಲೇ ಬೀಳುತ್ತವೆ. ಆ ಸಾಕೆಟ್ ನೋಡಲು ಮನೆಯ 16 ಆಂಪ್ ಸಾಕೆಟ್‌ನಂತೆಯೇ ಇರುತ್ತದೆ. ಆದರೆ ಅದರ ಹಿಂದೆ ಇರುವುದು ಕೆಇಬಿ ಲೈನ್ ಅಲ್ಲ. ವೆಲ್ಡರ್‌ಗೂ ಗ್ರೈಂಡರ್ ಹಿಡಿದವನಿಗೂ ಇರುವುದು ಒಂದೇ ಇಂಜಿನ್, ಅದರ ಸುತ್ತು ಬಿದ್ದರೆ ಇಬ್ಬರ ಕರೆಂಟೂ ಬಿತ್ತು. ನಾನು ಬಳಸುವುದು 300 ಆಂಪ್‌ನ ಸೆಟ್. ವೆಲ್ಡಿಂಗ್ ಇಲ್ಲದಾಗ ಸಾಕೆಟ್‌ಗಳಿಗೆ ಒಟ್ಟು 9 ಕೆವಿಎ (ಸಾವಿರ ವೋಲ್ಟ್-ಆಂಪ್) ಕೊಡುತ್ತದೆ. ಕೆಳಗಿನ ಲೆಕ್ಕಗಳೆಲ್ಲ ಆ ಅಳತೆಯವು.

ಏನನ್ನೂ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ, ಹರ್ಟ್ಸ್ ತೋರಿಸುವಂಥದ್ದು. ನಾಲ್ಕು ಪೋಲ್‌ನ (ಕಾಂತಧ್ರುವದ) ಮಷಿನ್ ನಿಮಿಷಕ್ಕೆ 1500 ಸುತ್ತಿಗೆ, ಎರಡು ಪೋಲ್‌ನದು 3000 ಸುತ್ತಿಗೆ 50 ಹರ್ಟ್ಸ್ ಕೊಡುತ್ತದೆ. ಮೆಕ್ಯಾನಿಕಲ್ ಗವರ್ನರ್ (ಇಂಜಿನ್ ಸುತ್ತನ್ನು ಹಿಡಿತದಲ್ಲಿಡುವ ಭಾಗ) ಇದ್ದರೆ ಲೋಡ್ ಬಿದ್ದಾಗ ಸುತ್ತು ಸ್ವಲ್ಪ ಇಳಿಯುವುದು ಸಹಜ. ಹಾಗಾಗಿ ಖಾಲಿ ಓಡುವಾಗ 52 ಹರ್ಟ್ಸ್ ಆಸುಪಾಸು ಇರಬೇಕು, ಪೂರ್ತಿ ಲೋಡ್‌ನಲ್ಲಿ 50ರ ಹತ್ತಿರ ನಿಲ್ಲಬೇಕು. ಲೋಡ್‌ನಲ್ಲಿ 48ಕ್ಕಿಂತ ಕೆಳಗಿಳಿದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಗವರ್ನರ್ ಲಿಂಕೇಜ್, ಈ ಕ್ರಮದಲ್ಲಿ ನೋಡುತ್ತೇನೆ. ಹರ್ಟ್ಸ್ ಸರಿಯಿದ್ದು ವೋಲ್ಟ್ ಮಾತ್ರ 200ಕ್ಕೆ ಇಳಿದಿದ್ದರೆ ಇಂಜಿನ್ ಬಿಟ್ಟು ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಭಾಗ) ಕಡೆ ಹೋಗಬೇಕು: ಕಾರ್ಬನ್ ಬ್ರಷ್, ಸ್ಲಿಪ್ ರಿಂಗ್, ಎವಿಆರ್ (ವೋಲ್ಟನ್ನು ಒಂದೇ ಸಮ ಇಡುವ ಸಾಧನ). ಎಷ್ಟೋ ಜನ ವೋಲ್ಟ್ ಮಾತ್ರ ನೋಡಿ ಸುಮ್ಮನಾಗುತ್ತಾರೆ. ಎವಿಆರ್ ಇರುವ ಮಷಿನ್‌ನಲ್ಲಿ ಸುತ್ತು ಸ್ವಲ್ಪ ಬಿದ್ದರೂ ವೋಲ್ಟ್ 230 ತೋರಿಸುತ್ತಲೇ ಇರುತ್ತದೆ, ಅತ್ತ ಇಂಡಕ್ಷನ್ ಮೋಟರ್ ಬಿಸಿಯಾಗುತ್ತಿರುತ್ತದೆ.

ಇದಕ್ಕೆ ಅಂಟಿಕೊಂಡದ್ದೇ ಆಟೋ ಐಡಲ್ ಸ್ವಿಚ್ಚಿನ ಕಿರಿಕಿರಿ. ಲೋಡ್ ಇಲ್ಲದಾಗ ಇಂಜಿನ್ ತಾನಾಗಿ ನಿಧಾನವಾಗುತ್ತದೆ, ಡೀಸೆಲ್ ಉಳಿಯುತ್ತದೆ, ಒಳ್ಳೆಯದೇ. ಆದರೆ ಲೋಡ್ ಬಂತು ಎಂದು ಅದಕ್ಕೆ ಗೊತ್ತಾಗಲು ಸುಮಾರು 100–150 ವ್ಯಾಟ್ ಎಳೆತ ಬೇಕು. ಮೊಬೈಲ್ ಚಾರ್ಜರ್, 20 ವ್ಯಾಟ್‌ನ ಎಲ್‌ಇಡಿ, ಬ್ಯಾಟರಿ ಡ್ರಿಲ್‌ನ ಚಾರ್ಜರ್ ಇವು ಅಷ್ಟು ಎಳೆಯುವುದಿಲ್ಲ. ಇಂಜಿನ್ ಐಡಲ್‌ನಲ್ಲೇ ಉಳಿದು, ಕಡಿಮೆ ವೋಲ್ಟ್, ಕಡಿಮೆ ಹರ್ಟ್ಸ್‌ನಲ್ಲಿ ಆ ಸಾಮಾನು ಒದ್ದಾಡುತ್ತದೆ. ಸಾಕೆಟ್‌ನಲ್ಲಿ ಚಾರ್ಜರ್, ಸಣ್ಣ ಲೈಟು, ಪಂಪ್ ಯಾವುದಿದ್ದರೂ ಸ್ವಿಚ್ಚನ್ನು ಹೈ ಸ್ಥಾನದಲ್ಲೇ ಇಡುತ್ತೇನೆ. ಚಾರ್ಜರ್‌ಗಳಿಗೆ ಇನ್ನೊಂದು ತೊಂದರೆಯೂ ಇದೆ. ವೆಲ್ಡರ್ ರಾಡು ತಾಗಿಸಿದ ಕ್ಷಣ ವೋಲ್ಟ್ ಕುಸಿದು ಏಳುತ್ತದೆ. ಹಳೇ ಮಷಿನ್‌ಗಳಲ್ಲಿ ಕರೆಂಟಿನ ಅಲೆಯೂ ಅಷ್ಟು ಶುದ್ಧವಿರುವುದಿಲ್ಲ. ಲ್ಯಾಪ್‌ಟಾಪ್, ಲೇಸರ್ ಲೆವೆಲ್ ಥರದ್ದನ್ನು ಊಟದ ಹೊತ್ತಲ್ಲಿ, ವೆಲ್ಡಿಂಗ್ ನಿಂತಾಗ ಚಾರ್ಜ್ ಮಾಡುವುದೇ ವಾಸಿ.

ಈಗ ಲೋಡ್ ಲೆಕ್ಕ. ಇಲ್ಲಿಯೇ ಹೆಚ್ಚು ಮಂದಿ ಎಡವುವುದು. ಪ್ಯಾನೆಲ್‌ನಲ್ಲಿ ಎರಡು 16 ಆಂಪ್ ಸಾಕೆಟ್, ಒಂದು ತ್ರೀ ಫೇಸ್ 415 ವೋಲ್ಟ್ ಸಾಕೆಟ್ ಇದ್ದರೆ, ಮೂರನ್ನೂ ಕೂಡಿಸಿದಷ್ಟು ಕರೆಂಟ್ ಸಿಗುತ್ತದೆ ಎಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಸಾಕೆಟ್‌ನ ಆಂಪ್ ಆ ಸಾಕೆಟ್ ತಡೆಯುವ ಮಿತಿ ಅಷ್ಟೇ. 9 ಕೆವಿಎ ಎಂಬುದು ಎಲ್ಲವೂ ಸೇರಿ. ಅದರಲ್ಲೂ ಆರ್ಕ್ (ರಾಡಿನ ತುದಿಯಲ್ಲಿ ಉರಿಯುವ ಕಿಡಿ) ಹತ್ತಿದ ಕೂಡಲೇ ಪಾಲು ಕಡಿಮೆಯಾಗುತ್ತದೆ. ರಾಡು ವೆಲ್ಡಿಂಗ್‌ನಲ್ಲಿ ಆರ್ಕ್ ವೋಲ್ಟೇಜನ್ನು ಆಂಪ್‌ನ 0.04 ಪಟ್ಟಿಗೆ 20 ಕೂಡಿಸಿ ಹಿಡಿಯುವುದು ವಾಡಿಕೆ. 3.15 ಮಿ.ಮೀ. ರಾಡು 120 ಆಂಪ್‌ನಲ್ಲಿ ಓಡಿದರೆ ಸುಮಾರು 25 ವೋಲ್ಟ್, ಅಂದರೆ 3 ಕಿಲೋವ್ಯಾಟ್. 4 ಮಿ.ಮೀ. ರಾಡು 160 ಆಂಪ್‌ನಲ್ಲಿ 4.2 ಕಿಲೋವ್ಯಾಟ್. 300 ಆಂಪ್‌ಗೆ ಏರಿಸಿದರೆ 32 ವೋಲ್ಟ್, 9.6 ಕಿಲೋವ್ಯಾಟ್, ಸಾಕೆಟ್‌ಗೆ ಬಹುತೇಕ ಏನೂ ಉಳಿಯುವುದಿಲ್ಲ. ಇದು ಅಂದಾಜಿನ ಲೆಕ್ಕ. ವೆಲ್ಡಿಂಗ್ ಆಂಪ್‌ಗೆ ತಕ್ಕಂತೆ ಸಾಕೆಟ್‌ಗೆ ಎಷ್ಟು ಉಳಿಯುತ್ತದೆ ಎಂಬ ಕೋಷ್ಟಕ ಮಷಿನ್‌ನ ಕೈಪಿಡಿಯಲ್ಲಿ ಇರುತ್ತದೆ, ಅದೇ ಅಂತಿಮ. ಅದನ್ನು ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿಬಿಟ್ಟರೆ ಸೈಟ್‌ನಲ್ಲಿ ವಾದವೇ ಇರುವುದಿಲ್ಲ.

120 ಆಂಪ್‌ನಲ್ಲಿ ಒಬ್ಬ ವೆಲ್ಡ್ ಮಾಡುತ್ತಿದ್ದರೆ ನಾನು ಬಿಡುವುದು 4 ಇಂಚಿನ ಗ್ರೈಂಡರ್ ಎರಡು (ತಲಾ 800 ವ್ಯಾಟ್), ರಾಡು ಓವನ್ ಒಂದು, ಲೈಟು. 14 ಇಂಚಿನ ಕಟಾಫ್ ಮಷಿನ್ 2000ದಿಂದ 2400 ವ್ಯಾಟ್, 9 ಇಂಚಿನ ಗ್ರೈಂಡರೂ ಹೆಚ್ಚುಕಡಿಮೆ ಅಷ್ಟೇ. ಇವನ್ನು ಆರ್ಕ್ ನಿಂತಿರುವಾಗಲೇ ಸ್ಟಾರ್ಟ್ ಮಾಡಿಸುತ್ತೇನೆ. ಇಲ್ಲವಾದರೆ ಬೀಡ್ (ವೆಲ್ಡಿನ ಗೆರೆ) ಮಧ್ಯೆ ಆರ್ಕ್ ಸೊರಗಿ, ಅಲ್ಲಿ ಸ್ಲ್ಯಾಗ್ (ರಾಡಿನ ಲೇಪದ ಕಿಟ್ಟ) ಸಿಕ್ಕಿಕೊಳ್ಳುತ್ತದೆ. ಎಕ್ಸ್‌ರೇ ಪರೀಕ್ಷೆ ಇರುವ ಜಾಯಿಂಟ್ ಆದರೆ ರೂಟ್ ಪಾಸ್ (ಬುಡದ ಮೊದಲ ವೆಲ್ಡ್) ಮುಗಿಯುವವರೆಗೆ ಆ ಸೆಟ್‌ನ ಮೇಲೆ ದೊಡ್ಡ ಮೋಟರ್ ಬೇಡವೇ ಬೇಡ.

ಕಂಪ್ರೆಸರ್, ನೀರಿನ ಪಂಪ್‌ಗಳ ಲೆಕ್ಕ ಬೇರೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ 7 ಆಂಪ್ ಹತ್ತಿರ ಎಳೆದರೂ ಏಳುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ಅಂದರೆ 35–40 ಆಂಪ್, 8ರಿಂದ 9 ಕೆವಿಎ. ನನ್ನ ಸೆಟ್‌ನ ಪೂರ್ತಿ ಶಕ್ತಿ ಆ ಒಂದು ಕ್ಷಣಕ್ಕೆ ಬೇಕು. ಹಾಗಾಗಿ ಮೊದಲು ದೊಡ್ಡ ಮೋಟರ್, ಅದರ ಓಟ ಸ್ಥಿರವಾದ ಮೇಲೆ ಸಣ್ಣವು, ಕಡೆಗೆ ವೆಲ್ಡಿಂಗ್. ಕಂಪ್ರೆಸರ್ ಆದರೆ ಟ್ಯಾಂಕಿನ ಗಾಳಿ ಬಿಟ್ಟು ಸ್ಟಾರ್ಟ್ ಮಾಡಬೇಕು. ಹಮ್ ಎಂದು ಗುನುಗುತ್ತಾ ಏಳದೆ ನಿಂತರೆ ತಕ್ಷಣ ಆಫ್ ಮಾಡಿ. ಎರಡನೇ ಸಲ ನೋಡೋಣ ಎಂದು ಹಿಡಿದುಕೊಂಡರೆ ಸ್ಟಾರ್ಟಿಂಗ್ ವೈಂಡಿಂಗೋ ಕೆಪಾಸಿಟರೋ ಹೋಗುತ್ತದೆ. ಎತ್ತರದ ಜಾಗದಲ್ಲಿ ಇಂಜಿನ್ ಶಕ್ತಿಯೂ ತುಸು ಕಡಿಮೆ: ಟರ್ಬೊ ಇಲ್ಲದ ಇಂಜಿನ್‌ಗೆ ಪ್ರತಿ 100 ಮೀಟರ್‌ಗೆ ಸುಮಾರು ಶೇ 1 ಎಂದು ಕಳೆಯಬೇಕು. ಮಂಗಳೂರಿನಲ್ಲಿ ಎದ್ದ ಪಂಪ್ ಮಡಿಕೇರಿಯಲ್ಲಿ ಏಳಲು ಒದ್ದಾಡಿದರೆ ಪಂಪ್ ಬಿಚ್ಚುವ ಮೊದಲು ಇದನ್ನೂ ನೆನಪಿಡಿ.

ಕೇಬಲ್ ವಿಷಯದಲ್ಲಿ ಜಿಪುಣತನ ಮಾಡಿದರೆ ಮೋಟರ್‌ನಲ್ಲಿ ತೆರಬೇಕಾಗುತ್ತದೆ. 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರ್‌ನ ರೋಧ ಕಿಲೋಮೀಟರಿಗೆ 13.3 ಓಮ್, 2.5ರದ್ದು 7.98. ಸೆಟ್‌ನಿಂದ 50 ಮೀಟರ್ ದೂರ ಎಂದರೆ ಹೋಗಿ ಬರಲು 100 ಮೀಟರ್. 10 ಆಂಪ್ ಎಳೆದರೆ 1.5ರಲ್ಲಿ 13 ವೋಲ್ಟ್ ನಷ್ಟ, 2.5ರಲ್ಲಿ 8. ಗ್ರೈಂಡರ್‌ಗೆ 2.5, ಮೂರು ಕೋರ್‌ನದು, ರಬ್ಬರ್ ಹೊದಿಕೆಯದು. ಇದಕ್ಕಿಂತ ಕಡಿಮೆ ನಾನು ಸೈಟ್‌ಗೆ ತರುವುದಿಲ್ಲ. ಡ್ರಮ್‌ನಿಂದ ಕೇಬಲ್ ಪೂರ್ತಿ ಬಿಚ್ಚಿರಬೇಕು. ಸುತ್ತಿಟ್ಟಂತೆಯೇ ಕಟಾಫ್ ಓಡಿಸಿದರೆ ಒಳಗಿನ ಸುತ್ತುಗಳ ಬಿಸಿ ಹೊರಬರಲು ದಾರಿಯಿಲ್ಲದೆ ಹೊದಿಕೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎರಡು ವೈರ್ ತುದಿ ಸುಲಿದು ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ಪದ್ಧತಿ ನಮ್ಮ ಸೈಟ್‌ಗಳಲ್ಲಿ ಇನ್ನೂ ಇದೆ. ಹಾಗೆ ಮಾಡುವವನ ಕೈಗೆ ಗ್ರೈಂಡರ್ ಕೊಡಬೇಡಿ. ನೀಲಿ ಬಣ್ಣದ 230 ವೋಲ್ಟ್ ಇಂಡಸ್ಟ್ರಿಯಲ್ ಪ್ಲಗ್ ದುಬಾರಿಯೇನಲ್ಲ.

ಅರ್ಥಿಂಗ್ ಬಗ್ಗೆ ನಿಧಾನವಾಗಿ ಹೇಳಬೇಕು. ಇಂಜಿನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ಥ್ ಪಿನ್‌ಗೂ ಮಧ್ಯೆ ಕಂಟಿನ್ಯುಟಿ ನೋಡಿ. ಸೊನ್ನೆಯ ಹತ್ತಿರ ತೋರಿಸಿದರೆ ನ್ಯೂಟ್ರಲ್ ಬಾಡಿಗೆ ಜೋಡಿಸಿದೆ ಎಂದರ್ಥ. ಏನೂ ತೋರಿಸದಿದ್ದರೆ ಅದು ತೇಲುತ್ತಿದೆ. ತೇಲುವ ನ್ಯೂಟ್ರಲ್ ಇರುವ ಸೆಟ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಹಾಕಿದರೂ ಬಾಡಿಗೆ ಸೋರಿದ ಕರೆಂಟ್‌ಗೆ ವಾಪಸ್ ಬರುವ ದಾರಿಯಿಲ್ಲ, ಹಾಗಾಗಿ ಅದು ಟ್ರಿಪ್ ಆಗುವುದಿಲ್ಲ. ಮೋಸವೇನೆಂದರೆ ಅದರ ಟೆಸ್ಟ್ ಬಟನ್ ಒತ್ತಿದರೆ ಚೆನ್ನಾಗಿಯೇ ಟ್ರಿಪ್ ಆಗುತ್ತದೆ. ಆ ಬಟನ್ ಒಳಗಿನ ರೆಸಿಸ್ಟರ್ ಫೇಸ್‌ನಿಂದ ನ್ಯೂಟ್ರಲ್‌ಗೆ ಕರೆಂಟ್ ಹರಿಸುತ್ತದೆ, ಅರ್ಥ್ ಇದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಕೈಪಿಡಿ ಒಪ್ಪಿದರೆ ನ್ಯೂಟ್ರಲ್ ಬಾಂಡಿಂಗ್ ಪ್ಯಾನೆಲ್ ಒಳಗೆ ಒಂದೇ ಜಾಗದಲ್ಲಿ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ. ಪ್ಲಗ್ ಟಾಪ್ ಒಳಗೆ ತುಂಡು ವೈರ್ ಹಾಕಿ ಜೋಡಿಸುವುದು ಬೇಡ.

ಮ್ಯಾಗ್ನೆಟಿಕ್ ಡ್ರಿಲ್ ಇದ್ದರೆ ಇನ್ನೊಂದು ಅಪಾಯ. ಅದರ ಕಬ್ಬಿಣದ ಬುಡ ಬೀಮ್‌ಗೆ ಕಚ್ಚಿರುತ್ತದೆ, ಅದರ ಅರ್ಥ್ ವೈರ್ ಸೆಟ್‌ನ ಬಾಡಿಗೆ ಹೋಗಿರುತ್ತದೆ. ಅದೇ ಬೀಮ್ ಮೇಲೆ ವೆಲ್ಡಿಂಗ್ ನಡೆಯುತ್ತಿದ್ದು, ರಿಟರ್ನ್ ಕ್ಲಾಂಪ್ (ವೆಲ್ಡಿಂಗ್ ಕರೆಂಟ್ ಸೆಟ್‌ಗೆ ವಾಪಸ್ ಹೋಗುವ ಕ್ಲಿಪ್) ಪೇಂಟ್ ಮೇಲೋ ತುಕ್ಕಿನ ಮೇಲೋ ಸಡಿಲವಾಗಿ ಕೂತು, ವೆಲ್ಡಿಂಗ್ ಕೇಬಲ್‌ನ ಲಗ್ (ತುದಿಯ ಲೋಹದ ಬಳೆ) ಎಲ್ಲೋ ಬಾಡಿಗೆ ತಾಗಿದ್ದರೆ, ನೂರಾರು ಆಂಪ್ ಆ ತೆಳ್ಳನೆ ಹಸಿರು ವೈರ್ ಹಿಡಿದು ವಾಪಸ್ ಬರುತ್ತದೆ. ಎಂಸಿಬಿಗೆ ಇದು ಕಾಣುವುದೇ ಇಲ್ಲ, ಅದು ಇರುವುದು ಫೇಸ್‌ನಲ್ಲಿ. ಪ್ಲಗ್ ಬಿಚ್ಚಿ ನೋಡಿದರೆ ಅರ್ಥ್ ಪಿನ್ ಮಾತ್ರ ಕಂದಾಗಿ, ಹಸಿರು ಹೊದಿಕೆ ಮೆತ್ತಗಾಗಿ ಒಳಗಿನ ಎಳೆಗಳು ಕಪ್ಪಾಗಿರುತ್ತವೆ. ಫೇಸ್, ನ್ಯೂಟ್ರಲ್ ಹೊಸದರಂತೆ ಇರುತ್ತವೆ. ಅಂಥ ಕೇಬಲ್ ಬಿಸಾಡಬೇಕು. ಡ್ರಿಲ್ ಕಚ್ಚಿರುವ ಬೀಮ್ ಮೇಲೆ ವೆಲ್ಡಿಂಗ್ ನಿಲ್ಲಿಸಿ, ಕ್ಲಾಂಪನ್ನು ಗ್ರೈಂಡ್ ಮಾಡಿ ಹೊಳೆಯುವ ಜಾಗಕ್ಕೆ, ಜಾಯಿಂಟ್‌ಗೆ ಆದಷ್ಟು ಹತ್ತಿರ ಹಾಕಿ.

ಕರಾವಳಿಯ ಗಾಳಿಗೆ ಸಾಕೆಟ್ ಒಳಗೆ ಹಸಿರು ಪಾಚಿಯಂಥ ಕಿಲುಬು ಕೂರುತ್ತದೆ. ಮುಚ್ಚಳದ ಸ್ಪ್ರಿಂಗ್ ಹೋಗಿದ್ದರೆ ಬದಲಿಸಿ. ಮಳೆಯಲ್ಲಿ ನೆಂದ ಸೆಟ್ ಆದರೆ ಎವಿಆರ್ ಬಿಡಿಸಿಟ್ಟು 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕುತ್ತೇನೆ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗುವ ತನಕ ಓಡಿಸುವುದಿಲ್ಲ.

ಸೈಟ್ ಆಫೀಸಿಗೋ ಪಕ್ಕದ ಮನೆಗೋ ಒಂದು ಲೈನ್ ಕೊಡಿ ಎಂದು ಕೇಳುವವರು ಇದ್ದೇ ಇರುತ್ತಾರೆ. ಚೇಂಜ್ ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಂದನ್ನೇ ಜೋಡಿಸುವ ಸ್ವಿಚ್) ಇಲ್ಲದೆ ಗೋಡೆಯ ಸಾಕೆಟ್‌ಗೆ ಉಲ್ಟಾ ಕರೆಂಟ್ ಹರಿಸಿದರೆ ಅದು ಟ್ರಾನ್ಸ್‌ಫಾರ್ಮರ್ ಮೂಲಕ ಲೈನ್‌ಗೆ ಏರಿ, ಕರೆಂಟ್ ಇಲ್ಲವೆಂದು ಕಂಬ ಹತ್ತಿದ ಲೈನ್‌ಮನ್‌ಗೆ ಹೊಡೆಯುತ್ತದೆ. ಇದಕ್ಕೆ ನನ್ನ ಉತ್ತರ ಯಾವಾಗಲೂ ಇಲ್ಲ ಎಂದೇ.

ನಿಲ್ಲಿಸುವಾಗ ಮೊದಲು ಎಲ್ಲ ಲೋಡ್ ಆಫ್, ಎರಡು ಮೂರು ನಿಮಿಷ ಖಾಲಿ ಓಟ, ಆಮೇಲೆ ಇಂಜಿನ್. ಲೋಡ್ ಸಮೇತ ಆಫ್ ಮಾಡಿದರೆ ಸುತ್ತು ಇಳಿಯುವ ಹೊತ್ತಿಗೆ ಮೋಟರ್‌ಗಳು ಕಡಿಮೆ ವೋಲ್ಟ್‌ನಲ್ಲಿ ಎಳೆಯುತ್ತವೆ. ಕೆಲವು ಆಲ್ಟರ್ನೇಟರ್‌ಗಳಲ್ಲಿ ಉಳಿಕೆ ಕಾಂತತ್ವವೂ ಹೋಗಿ, ಮರುದಿನ ಇಂಜಿನ್ ಓಡಿದರೂ ಸಾಕೆಟ್‌ನಲ್ಲಿ ವೋಲ್ಟ್ ಬರುವುದಿಲ್ಲ. ಆಗ ಬ್ಯಾಟರಿಯಿಂದ ಫೀಲ್ಡ್ ಫ್ಲ್ಯಾಶ್ ಮಾಡಬೇಕಾಗುತ್ತದೆ, ಅಂದರೆ ಫೀಲ್ಡ್ ವೈಂಡಿಂಗ್‌ಗೆ ಕ್ಷಣಕಾಲ ಕರೆಂಟ್ ಕೊಟ್ಟು ಕಾಂತತ್ವ ಮರಳಿಸಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಎವಿಆರ್‌ಗೆ ಪೆಟ್ಟು, ಹಾಗಾಗಿ ಕೈಪಿಡಿಯ ಚಿತ್ರ ಎದುರಿಗಿಟ್ಟುಕೊಂಡೇ ಮಾಡಿ.

ಇನ್ನು, ವೆಲ್ಡಿಂಗ್ ಮುಗಿದು ಒಂದು ಗ್ರೈಂಡರ್, ನಾಲ್ಕು ಲೈಟಿಗಾಗಿ ದಿನವಿಡೀ ಈ ಸೆಟ್ ಓಡಿಸುವುದು ಡೀಸೆಲ್ ದಂಡ. ಅಷ್ಟು ಕಡಿಮೆ ಲೋಡ್‌ನಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗದೆ ಇಂಜೆಕ್ಟರ್‌ಗೆ ಕಾರ್ಬನ್ ಕಟ್ಟುತ್ತದೆ, ಸೈಲೆನ್ಸರ್ ಬಾಯಲ್ಲಿ ಕಪ್ಪು ಎಣ್ಣೆ ಒಸರುತ್ತದೆ. ಪೇಂಟಿಂಗ್, ಬೋಲ್ಟಿಂಗ್ ಮಾತ್ರ ಉಳಿದ ದಿನಗಳಿಗೆ 2–3 ಕೆವಿಎ ಪೆಟ್ರೋಲ್ ಜನರೇಟರ್ ಬಾಡಿಗೆಗೆ ತರಿಸಿ.