ಸ್ಕೂಲ್ ನಾಟಕಕ್ಕೆ ಹೈದರಾಲಿ ಕಾಲದ ದರ್ಬಾರ್ ಜಾಮಾ ಹೊಲಿಯೋದು ಹೇಗೆ

ನಮ್ಮ ಕೋಲಾರದ ಕಡೆ ಸ್ಕೂಲ್ ಡೇ ನಾಟಕದಲ್ಲಿ ಹೈದರಾಲಿ, ಟಿಪ್ಪು, ಪೂರ್ಣಯ್ಯನವರ ಪಾತ್ರ ಇದೆ ಅಂದ್ರೆ ಸೀದಾ ಹೋಗಿ ಮಿಣಮಿಣ ಅನ್ನೋ ಶೇರ್ವಾನಿ ಬಾಡಿಗೆಗೆ ತಂದ್ಬಿಡ್ತಾರೆ, ಆದ್ರೆ ಶೇರ್ವಾನಿ ಬಂದಿದ್ದೇ 19ನೇ ಶತಮಾನದಲ್ಲಿ, ಟಿಪ್ಪು ತೀರ್ಕೊಂಡಿದ್ದು 1799ರಲ್ಲಿ. ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಲಿ, ಅವರ ತಂದೆ ಸಮಾಧಿ ಕೋಲಾರ ಊರಲ್ಲೇ ಇದೆ, ನಾವೇ ಸರಿಯಾಗಿ ತೋರಿಸ್ದಿದ್ರೆ ಇನ್ಯಾರು ತೋರಿಸ್ತಾರೆ?

ಅವಾಗಿನ ದರ್ಬಾರ್ ಉಡುಪು ಜಾಮಾ. ಮೇಲೆ ಎದೆಗೆ ಟೈಟಾಗಿ ಕೂರೋ ಅಂಗಿ, ಕೆಳಗೆ ಹಿಮ್ಮಡಿವರೆಗೂ ಘೇರು, ಅಂದ್ರೆ ಲಂಗದ ಥರ ಹರಡೋ ಭಾಗ. 18ನೇ ಶತಮಾನದಲ್ಲಿ ಅಂಗಿ, ಘೇರು ಸೇರೋ ಜಾಯಿಂಟು ಸೊಂಟಕ್ಕಿಂತ ಮೇಲೆ, ಎದೆ ಕೆಳಗೇ ಬರ್ತಿತ್ತು. ಇದೊಂದು ಸರಿ ಬಂದ್ರೆ ಅರ್ಧ ಕೆಲಸ ಮುಗೀತು.

ಬಟ್ಟೆಗೆ ಮನೇಲಿರೋ ಹಳೇ ರೇಷ್ಮೆ ಸೀರೆನೇ ಬೆಸ್ಟು. ಮಡಿಕೆ ಬಿದ್ದ ಜಾಗ ಬೆಳಕಿಗೆ ಹಿಡಿದು ನೋಡಿ, ಸೀಳಿದ್ರೆ ಆ ಭಾಗ ಬಿಡಿ. ಜರಿ ಕಪ್ಪಾಗಿದ್ರೆ ಪರವಾಗಿಲ್ಲ, ಸ್ಟೇಜ್ ಲೈಟಿಗೆ ಪ್ಲಾಸ್ಟಿಕ್ ಲೇಸ್‌ಗಿಂತ ಅದೇ ಚೆನ್ನಾಗಿ ಕಾಣತ್ತೆ. ಸೀರೆನ ಪ್ಯಾನಲ್ ಮಾಡಿ ಕತ್ತರಿಸ್ಬೇಡಿ, ಅಂಚು ಕೆಳಗೆ ಬರೋ ಹಾಗೆ ಇಟ್ಟು ಮೇಲಿನ ಹೆಚ್ಚು ಅಗಲ ತೆಗೆದು 4 ಮೀಟರ್ ಉದ್ದನ 40 ಇಂಚಿಗೆ ನೆರಿಗೆ ಹಿಡೀರಿ, 12-13 ವರ್ಷದ ಹುಡುಗನಿಗೆ ಸಾಕು. ಸೆರಗನ್ನ ಎರಡು ಭಾಗ ಮಾಡಿ ಉದ್ದ ನಡುಪಟ್ಟಿಯ ಎರಡೂ ತುದಿಗೆ ಹೊಲೀರಿ, ಮುಂದೆ ಇಳಿಬಿಟ್ಟಾಗ ಅದೇ ಶೋಭೆ.

ಸೀರೆ ಇಲ್ಲ, ಪ್ಲೇನ್ ಬಟ್ಟೆ ಅಂದ್ರೆ 44 ಇಂಚು ಪನ್ನದ್ದು (ಅಗಲದ್ದು) ಘೇರಿಗೆ 2 ಮೀಟರ್, ಎದೆ ತೋಳಿಗೆ 2 ಮೀಟರ್ ತಗೊಳ್ಳಿ. ಘೇರಿನ ಒಂದೊಂದು ಮೀಟರ್‌ನ ಅಗಲದಲ್ಲಿ 11 ಇಂಚಿನ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿನ ಓರೆಯಾಗಿ ಕತ್ತರಿಸಿ, ಒಂದ್ ಕಡೆ 3.5 ಇಂಚು ಇನ್ನೊಂದ್ ಕಡೆ 7.5 ಇಂಚು ಬರ್ಬೇಕು. ಒಟ್ಟು 16 ಪೀಸು, ಅರ್ಧರ್ಧ ಇಂಚು ಹೊಲಿಗೆಗೆ ಹೋದ್ರೆ ಮೇಲೆ 40, ಕೆಳಗೆ 104 ಇಂಚು. ಹೂವಿನ ಡಿಸೈನ್ ಬಟ್ಟೆಗೆ ಇದು ಆಗಲ್ಲ, ಅರ್ಧ ಹೂವು ತಲೆಕೆಳಗಾಗತ್ತೆ.

ತೋಳು ಕೈಗಿಂತ ಒಂದು ಗೇಣು ಉದ್ದ ಇಟ್ಟು ಮಣಿಕಟ್ಟಲ್ಲಿ ಟೈಟ್ ಮಾಡಿ, ಬಳೆ ಥರ ಸುಕ್ಕು ನಿಲ್ಬೇಕು. ಒಳಗೆ ಕಾಟನ್ ಲೈನಿಂಗ್ ಕೊಡಿ. ಮುಸ್ಲಿಂ ಗಂಡಸರಿಗೆ ಅಪ್ಪಟ ರೇಷ್ಮೆ ಮೈಗೆ ತಾಗ್ಬಾರ್ದು ಅಂತ ಮಶ್ರು ಅನ್ನೋ ಬಟ್ಟೆನೇ ಇತ್ತು, ಹೊರಗೆ ರೇಷ್ಮೆ ಒಳಗೆ ಹತ್ತಿ.

ಈಗ ಮುಖ್ಯವಾದದ್ದು, ಯಾರೂ ನೋಡದೇ ಬಿಟ್ಬಿಡೋದು. ಜಾಮಾಗೆ ಬಟನ್ ಇಲ್ಲ, ಎದೆ ಮೇಲೆ ಒಂದರ ಮೇಲೊಂದು ಬಂದು ಕಂಕುಳ ಕೆಳಗೆ ಲಾಡಿ ಕಟ್ಟೋದು. ಮುಸ್ಲಿಮರು ತಮ್ಮ ಬಲಗಡೆ, ಹಿಂದೂಗಳು ತಮ್ಮ ಎಡಗಡೆ ಕಟ್ತಿದ್ರು. ಹಾಗಾಗಿ ಹೈದರಾಲಿ, ಟಿಪ್ಪು ಪಾತ್ರಕ್ಕೆ ಬಲಕ್ಕೆ, ಪೂರ್ಣಯ್ಯನವರ ಪಾತ್ರಕ್ಕೆ ಎಡಕ್ಕೆ, ಕಟ್ ಮಾಡೋಕೆ ಮುಂಚೆನೇ ಯಾರ ಪಾತ್ರ ಅಂತ ಚೀಟಿ ಅಂಟಿಸ್ಬಿಡಿ. ಪೂರ್ಣಯ್ಯನವರಿಗೆ ತೆಳು ಬಿಳಿ ಹತ್ತಿದೇ ಮಾಡಿ, ಆ ಕಾಲದ ದರ್ಬಾರಲ್ಲಿ ಒಳ್ಳೇ ಮಲ್ಮಲ್‌ಗೂ ರೇಷ್ಮೆಯಷ್ಟೇ ಮರ್ಯಾದೆ.

ಟಿಪ್ಪು ಸೈನಿಕರ ಅಂಗಿಗೆ ಫ್ಯಾಬ್ರಿಕ್ ಪೇಂಟಲ್ಲಿ ಹುಲಿಪಟ್ಟೆ ಬಿಡಿಸಿ, ಗಿಡ್ಡ ಗಿಡ್ಡ, ತುದಿ ಚೂಪು, ಜೀಬ್ರಾ ಥರ ಉದ್ದಕ್ಕೆ ಎಳೀಬೇಡಿ. ಪೇಟಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಚಿತ್ರ ನೋಡ್ಕೊಳ್ಳಿ, ಅರಮನೆ 1784ರದ್ದು, ಆದ್ರೆ ಚಿತ್ರಕ್ಕೆ ಆಮೇಲೆ ಮತ್ತೆ ಮತ್ತೆ ಬಣ್ಣ ಹಚ್ಚಿದ್ದಾರೆ, ಅದಕ್ಕೆ ಆಕಾರ ಮಾತ್ರ ನಂಬಿ, ಬಣ್ಣನ ಪೂರ್ತಿ ನಂಬ್ಬೇಡಿ.