ಟೌನ್ಸ್‌ವಿಲ್‌ಗೆ ಹೊರಟ ಹುಬ್ಬಳ್ಳಿ-ಧಾರವಾಡದವರಿಗೆ

ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ನೆಂಟರು ಕೊಟ್ಟ ಸಲಹೆಗಳನ್ನು ಮೊದಲು ಬದಿಗಿಡಿ. ಅವು ಸುಳ್ಳು ಅಂತಲ್ಲ, ಬೇರೆ ಊರಿನ ಮಾತು ಅಷ್ಟೆ. ನೀವು ಹೊರಟಿರುವುದು ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಟೌನ್ಸ್‌ವಿಲ್‌ಗೆ. ಅಲ್ಲಿ ಇರುವವರು ಸುಮಾರು ಎರಡು ಲಕ್ಷ ಜನ. ನಮ್ಮ ಅವಳಿ ನಗರದಲ್ಲಿ 2011ರ ಜನಗಣತಿ ಹೊತ್ತಿಗೇ ಒಂಬತ್ತು ಲಕ್ಷ ದಾಟಿತ್ತು. ಆ ಊರಿರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ರಾಜಧಾನಿ ಬ್ರಿಸ್ಬೇನ್ ಅಲ್ಲಿಂದ 1,300 ಕಿಲೋಮೀಟರಿಗೂ ದೂರ.

ನಾನು ಅಲ್ಲಿ ನೆಲೆಸಿ ಬಹಳ ವರ್ಷಗಳಾದವು. ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ ಸಪ್ತಾಪುರದ ನಮ್ಮ ಮನೆಗೆ ಯಾರಾದರೂ ವಿಚಾರಿಸಲು ಬರುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ನರ್ಸ್, ಜೇಮ್ಸ್ ಕುಕ್ ವಿಶ್ವವಿದ್ಯಾಲಯಕ್ಕೆ ಓದಲು ಹೊರಟ ಹುಡುಗ, ಜೊತೆಗೆ ಅವನ ಅಪ್ಪ, ಅವ್ವ. ಚಹಾ ಬರುವ ಮೊದಲೇ ಪ್ರಶ್ನೆ: "ಅಲ್ಲೆ ನಮ್ಮ ಕನ್ನಡ ಮಂದಿ ಎಷ್ಟ ಅದಾರ್ರೀ ಅಣ್ಣಾರ?"

ಕಡಿಮೆ ಇದ್ದಾರೆ. ದೊಡ್ಡ ಊರಿನ ಹಾಗೆ ವಾರಕ್ಕೊಂದು ಕಾರ್ಯಕ್ರಮ, ಊಟದ ಸಾಲು, ಕನ್ನಡ ಶಾಲೆ ಇವೆಲ್ಲ ನಿರೀಕ್ಷಿಸಬೇಡಿ. ಕನ್ನಡದವರು ಸಿಗಲಿ ಅಂತ ಕಾಯುತ್ತ ಕೂತರೆ ಬೇಸರ ಗ್ಯಾರಂಟಿ. ಆ ಊರನ್ನೇ ತಿಳಿದುಕೊಳ್ಳಬೇಕು: ಅದರ ಮಳೆ, ಅದರ ಇತಿಹಾಸ, ಅದರ ಸಿಟ್ಟು-ಸೆಡವು. ಉಳಿದದ್ದು ತಾನಾಗಿ ಕೂಡಿ ಬರುತ್ತದೆ.

ಈ ಕೆಲಸ ಬೆಂಗಳೂರಿನವರಿಗಿಂತ ನಮಗೆ ಸುಲಭ ಎಂಬುದು ನನ್ನ ಅನಿಸಿಕೆ. ರಾಜಧಾನಿಯಿಂದ ದೂರದ ಊರಿನವರಿಗೆ ಒಂದು ಸ್ವಭಾವ ಇರುತ್ತದೆ ಅಲ್ವಾ? ಹೈಕೋರ್ಟ್ ಪೀಠಕ್ಕಾಗಿ ನಮ್ಮವರು ವರ್ಷಗಟ್ಟಲೆ ಕೂಗಿದ ಮೇಲೆ 2008ರಲ್ಲಿ ಅದು ಧಾರವಾಡಕ್ಕೆ ಬಂತು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಹುಬ್ಬಳ್ಳಿಗೆ ಬಂದದ್ದೂ ಸುಮ್ನೆ ಅಲ್ಲ. ಟೌನ್ಸ್‌ವಿಲ್‌ನಲ್ಲಿ ಕ್ಷೌರಕ್ಕೆ ಕೂತರೆ ಇದೇ ರಾಗ ಕೇಳುತ್ತದೆ. ಗಣಿ ನಮ್ಮದು, ಕಬ್ಬು ನಮ್ಮದು, ದುಡ್ಡು ಮಾತ್ರ ಬ್ರಿಸ್ಬೇನಿಗೆ. ಉತ್ತರ ಕ್ವೀನ್ಸ್‌ಲ್ಯಾಂಡ್ ಪ್ರತ್ಯೇಕ ರಾಜ್ಯ ಆಗಬೇಕೆಂಬ ಕೂಗು 19ನೇ ಶತಮಾನದಿಂದಲೂ ಇದೆ, ಆಗಾಗ ಮತ್ತೆ ಏಳುತ್ತದೆ. ಉತ್ತರಕ್ಕೆ 350 ಕಿಲೋಮೀಟರ್ ದೂರದ ಕೇರ್ನ್ಸ್ ಜೊತೆಗೆ ಬೇರೆ ಪೈಪೋಟಿ. ಅದು ಪ್ರವಾಸಿಗರ ಊರು, ನಮ್ಮದು ದುಡಿಯುವ ಊರು ಅಂತ ಇವರ ಹೆಮ್ಮೆ. ಹುಬ್ಬಳ್ಳಿಯವರು ಧಾರವಾಡದವರನ್ನು, ಧಾರವಾಡದವರು ಹುಬ್ಬಳ್ಳಿಯವರನ್ನು ಚೇಷ್ಟೆ ಮಾಡುವುದನ್ನು ಕೇಳಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಈಗ ನೆಲದ ವಿಷಯ. ಧಾರವಾಡ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿ, ಟೌನ್ಸ್‌ವಿಲ್ ದಕ್ಷಿಣಕ್ಕೆ 19 ಡಿಗ್ರಿ. ಎರಡೂ ಉಷ್ಣವಲಯದ ಊರುಗಳೇ. ಎರಡೂ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆದರೆ ಕಾಲಗಳು ತಿರುಗುಮುರುಗು. ಸಂಕ್ರಾಂತಿಗೆ ಬೆವರು ಇಳಿಯುತ್ತದೆ. ನಾಗರಪಂಚಮಿ ಹೊತ್ತಿಗೆ ಆಕಾಶ ನಿಚ್ಚಳ, ಜೋಕಾಲಿ ಕಟ್ಟಲು ಹೇಳಿ ಮಾಡಿಸಿದ ಹವೆ. ನಮ್ಮದು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಊರು, ಸಂಜೆಯಾದರೆ ತಂಪು. ಅಲ್ಲಿ ಸಮುದ್ರ ಮನೆ ಬಾಗಿಲಲ್ಲೇ ಇದೆ, ನವೆಂಬರ್‌ನಿಂದ ರಾತ್ರಿಯೂ ಶೆಕೆ ಬಿಡುವುದಿಲ್ಲ.

ಮಳೆ ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಬೀಳುತ್ತದೆ. ವರ್ಷದ ಸರಾಸರಿ 1,100 ಮಿಲಿಮೀಟರ್ ಆಸುಪಾಸು. ಉಳಿದ ತಿಂಗಳು ಹುಲ್ಲು ಒಣಗಿ ಕಂದು. ಅಲ್ಲಿಂದ ಕಾರಿನಲ್ಲಿ ಎರಡೂವರೆ ತಾಸು ಉತ್ತರಕ್ಕೆ ಹೋದರೆ ಟಲ್ಲಿ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಊರ ನಡುವೆ 7.9 ಮೀಟರ್ ಎತ್ತರದ ಬಂಗಾರ ಬಣ್ಣದ ರಬ್ಬರ್ ಬೂಟು ನಿಲ್ಲಿಸಿದ್ದಾರೆ. 1950ರಲ್ಲಿ ಅಲ್ಲಿ ಬಿದ್ದ ಮಳೆಯ ಅಳತೆ ಅದು. ಇಷ್ಟು ಹತ್ತಿರದ ಎರಡು ಊರಿಗೆ ಇಷ್ಟು ಫರಕು ಯಾಕೆ? ಆಗ್ನೇಯದಿಂದ ಬೀಸುವ ಗಾಳಿಗೆ ಟಲ್ಲಿ ಕಡೆಯ ಎತ್ತರದ ಗುಡ್ಡಗಳು ಅಡ್ಡ ನಿಲ್ಲುತ್ತವೆ. ಟೌನ್ಸ್‌ವಿಲ್‌ನಲ್ಲಿ ದಂಡೆಯೇ ಗಾಳಿಯ ದಿಕ್ಕಿಗೆ ಓಡುತ್ತದೆ, ಮೋಡ ನಿಲ್ಲದೆ ಹಾದು ಹೋಗುತ್ತದೆ. ಧಾರವಾಡದಿಂದ ಪಶ್ಚಿಮಕ್ಕೆ ದಾಂಡೇಲಿ ಕಡೆ ಹೋದರೆ ಕಾಡು, ಪೂರ್ವಕ್ಕೆ ನವಲಗುಂದ ಕಡೆ ಹೋದರೆ ಎರೆಹೊಲ. ಇದನ್ನು ಕಂಡವರಿಗೆ ಆ ಭೂಗೋಳ ಹೊಸದಲ್ಲ.

ಒಣ ಊರು ಅಂತ ಮೈಮರೆಯಬೇಡಿ. 2019ರ ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ, ಹತ್ತು-ಹನ್ನೆರಡು ದಿನದಲ್ಲಿ, ಒಂದು ವರ್ಷದಷ್ಟು ಮಳೆ ಸುರಿಯಿತು. ರಾಸ್ ನದಿಯ ಅಣೆಕಟ್ಟಿನ ಗೇಟುಗಳನ್ನು ಫೆಬ್ರವರಿ 3ರ ರಾತ್ರಿ ಪೂರ್ತಿ ತೆರೆಯಬೇಕಾಯಿತು. ಐಡೇಲಿಯಾ, ಹರ್ಮಿಟ್ ಪಾರ್ಕ್, ರಾಸ್ಲೀ ಕಡೆ ಮನೆಗಳಿಗೆ ನೀರು ನುಗ್ಗಿತು. ನಾವು ಹಳೆಯ ಸೋಫಾ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲವನ್ನೂ ರಸ್ತೆ ಬದಿಗೆ ಎಳೆದು ಹಾಕುತ್ತಿದ್ದಾಗ, ಹೆಸರೂ ಗೊತ್ತಿಲ್ಲದವರು ಗಾಡಿ ನಿಲ್ಲಿಸಿ ಕೈ ಹಚ್ಚಿದರು. ಆ ವಾರ ಪರಿಚಯವಾದವರು ಈಗಲೂ ನಮ್ಮ ಮನೆಗೆ ಬರುತ್ತಾರೆ.

ಹಾಗಾಗಿ ಬಾಡಿಗೆ ಮನೆ ನೋಡುವಾಗ ಮೂರು ವಿಷಯ ವಿಚಾರಿಸಿ. 2019ರಲ್ಲಿ ನೀರು ಬಂದಿತ್ತಾ? ನಗರಸಭೆಯ ಪ್ರವಾಹ ನಕ್ಷೆಯಲ್ಲೂ, ಸಮುದ್ರದ ಉಬ್ಬರದ ನಕ್ಷೆಯಲ್ಲೂ ಆ ಬೀದಿ ಎಲ್ಲಿದೆ? ಮನೆ ಕಟ್ಟಿದ್ದು ಯಾವ ವರ್ಷ? ಮೂರನೆಯದನ್ನು ಹೊಸಬರು ಯಾರೂ ಕೇಳುವುದಿಲ್ಲ. 1971ರ ಕ್ರಿಸ್‌ಮಸ್ ಹಿಂದಿನ ದಿನ ಆಲ್ತಿಯಾ ಎಂಬ ಸೈಕ್ಲೋನ್ ಊರಿಗೆ ಅಪ್ಪಳಿಸಿತು. ಮೂರು ವರ್ಷದ ನಂತರ ಡಾರ್ವಿನ್ ನಗರವನ್ನು ಟ್ರೇಸಿ ನೆಲಸಮ ಮಾಡಿತು. ಆಮೇಲೆ ಇದೇ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ 1977ರಲ್ಲಿ ಸೈಕ್ಲೋನ್ ಪರೀಕ್ಷಾ ಕೇಂದ್ರ ತೆರೆದರು. ತಗಡು, ಮೊಳೆ, ಚಾವಣಿ ಎಷ್ಟು ಗಾಳಿ ತಡೆಯುತ್ತವೆ ಅಂತ ಅಲ್ಲಿ ಅಳೆಯುತ್ತಾರೆ. 1980ರ ದಶಕದಿಂದ ಕಟ್ಟಡದ ನಿಯಮ ಬಿಗಿಯಾಯಿತು. ಕಂಬದ ಮೇಲೆ ನಿಂತ ಹಳೆಯ ಮರದ ಮನೆಗಳು ನೋಡಲು ಚೆಂದ, ಕೆಳಗಿನಿಂದ ಗಾಳಿಯೂ ಆಡುತ್ತದೆ. ಆದರೆ ಚಾವಣಿ ರಿಪೇರಿ ಆಗಿದೆಯಾ ಅಂತ ಕೇಳದೆ ಸಹಿ ಹಾಕಬೇಡಿ.

ಸೈಕ್ಲೋನ್ ಕಾಲ ನವೆಂಬರ್‌ನಿಂದ ಏಪ್ರಿಲ್ ಕೊನೆವರೆಗೆ. 1ರಿಂದ 5ರವರೆಗೆ ದರ್ಜೆ, 5 ಅಂದರೆ ಭಯಂಕರ. 2011ರ ಫೆಬ್ರವರಿಯಲ್ಲಿ ಬಂದ ಯಾಸಿ ಆ ದರ್ಜೆಯದು, ಉತ್ತರದ ಮಿಷನ್ ಬೀಚ್ ಹತ್ತಿರ ದಡ ಮುಟ್ಟಿತು. ಬ್ಯಾಟರಿ, ರೇಡಿಯೋ, ಕುಡಿಯುವ ನೀರು, ಗುಳಿಗೆ, ಪಾಸ್‌ಪೋರ್ಟ್ ಒಂದು ಚೀಲದಲ್ಲಿ ಸದಾ ಇರಲಿ. ಅಕ್ಕಿ, ಬೇಳೆ ಎರಡು ವಾರಕ್ಕೆ ಸಾಲುವಷ್ಟು ಇಟ್ಟುಕೊಳ್ಳಿ. ಬ್ರೂಸ್ ಹೆದ್ದಾರಿ ನೀರಲ್ಲಿ ಮುಳುಗಿದರೆ ಲಾರಿ ಬರುವುದಿಲ್ಲ, ಅಂಗಡಿಯ ಕಪಾಟು ಎರಡೇ ದಿನಕ್ಕೆ ಖಾಲಿ. ತುರ್ತು ಸಂಖ್ಯೆ 000. ಮರ ಬಿದ್ದರೆ, ಚಾವಣಿ ಸೋರಿದರೆ 132 500. ನೀರು ಹರಿಯುವ ರಸ್ತೆಗೆ ಕಾರು ಇಳಿಸಬೇಡಿ. ಇದರಲ್ಲಿ ನಮ್ಮ ಊರಿನ ಧೈರ್ಯ ತೋರಿಸಬೇಡಿ.

ಆರೋಗ್ಯದ ಮಾತು ಒಂದಿದೆ. ಅದನ್ನು ಅಪ್ಪ-ಅವ್ವನನ್ನು ಕರೆಸಿಕೊಳ್ಳುವವರು ತಪ್ಪದೆ ಓದಬೇಕು. ಆ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ ಇದೆ. ಮಳೆಗಾಲದಲ್ಲಿ ಅದು ಮೇಲಕ್ಕೆ ಬರುತ್ತದೆ. ಕಾಲಿನ ಸಣ್ಣ ಗಾಯದಿಂದ ಅಥವಾ ಉಸಿರಿನಿಂದ ಮೈ ಸೇರುತ್ತದೆ. ಆರೋಗ್ಯವಂತರಿಗೆ ಅಷ್ಟು ಭಯವಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಬಹಳ ಜಾಸ್ತಿ. 2025ರ ಮಳೆಗಾಲದಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಇದರಿಂದ ಹಲವರು ತೀರಿಕೊಂಡರು. ನಮ್ಮ ಹಿರಿಯರಿಗೆ ಶುಗರ್ ಇರುತ್ತದೆ, ಬರಿಗಾಲಲ್ಲಿ ಹಿತ್ತಲಿಗೆ ಇಳಿದು ಕರಿಬೇವಿನ ಗಿಡಕ್ಕೆ ಪಾತಿ ಮಾಡುವ ಚಟವೂ ಇರುತ್ತದೆ. ಬೂಟು, ಕೈಗವಸು ಹಾಕಿಸಿ. ಮಳೆಗಾಲದಲ್ಲಿ ಜ್ವರ, ಕೆಮ್ಮು ಬಂದರೆ ಡಾಕ್ಟರಿಗೆ ಶುಗರ್ ಇದೆ ಅಂತ ಮೊದಲೇ ಹೇಳಿ.

ಡೆಂಗಿ ಭಯ ಈಗ ಕಡಿಮೆ. 2014ರಿಂದ ಆ ಊರಿನಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಬಿಟ್ಟರು. ಆ ಸೊಳ್ಳೆಯಲ್ಲಿ ಡೆಂಗಿ ವೈರಸ್ ಬೆಳೆಯಲು ಒದ್ದಾಡುತ್ತದೆ. ಹುಬ್ಬಳ್ಳಿಯಿಂದ ವಾಪಸ್ ಹೋದ ಕೂಡಲೇ ಜ್ವರ ಬಂದರೆ ಮಾತ್ರ ಎಲ್ಲಿಂದ ಬಂದಿರಿ ಎಂದು ತಿಳಿಸಿ.

ಸಮುದ್ರ ಕಂಡ ಕೂಡಲೇ ಇಳಿಯಬೇಡಿ. ನವೆಂಬರ್‌ನಿಂದ ಮೇವರೆಗೆ ಜೀವ ತೆಗೆಯುವ ಜೆಲ್ಲಿ ಮೀನು ಇರುತ್ತವೆ. ಸ್ಟ್ರ್ಯಾಂಡ್ ದಂಡೆಯಲ್ಲಿ ಬಲೆ ಕಟ್ಟಿರುತ್ತಾರೆ, ಅದರೊಳಗೆ ಈಜಬೇಕು. ದಂಡೆಯಲ್ಲಿ ವಿನೆಗರ್ ಬಾಟಲಿ ಇಟ್ಟಿರುವುದು ಕುಟುಕಿದ ಜಾಗಕ್ಕೆ ಸುರಿಯಲು. ನದಿಮುಖ, ಹಳ್ಳಗಳಲ್ಲಿ ಮೊಸಳೆ ಇವೆ. ಸಂಜೆ ಕಾಲಾಡಿಸಬೇಕು ಅನಿಸಿದರೆ ಕ್ಯಾಸಲ್ ಹಿಲ್ ಇದೆ, ಊರ ನಡುವೆ 286 ಮೀಟರಿನ ಕಲ್ಲುಗುಡ್ಡ. ನೃಪತುಂಗ ಬೆಟ್ಟಕ್ಕೆ ಹೋಗಿ ಬಂದವರಿಗೆ ಆ ಹತ್ತುವ-ಇಳಿಯುವ ಗುಂಪು ನೋಡಿದರೆ ಖುಷಿಯಾಗುತ್ತದೆ.

ಇತಿಹಾಸ ನಮಗೆ ಯಾಕೆ ಅನ್ನಬೇಡಿ. ಆ ನೆಲ ವುಲ್ಗುರುಕಾಬಾ ಮತ್ತು ಬಿಂದಲ್ ಜನರದು. ಶಾಲೆಯ ಸಮಾರಂಭ, ಕಚೇರಿ ಸಭೆ ಶುರುವಾಗುವಾಗ ಅವರನ್ನು ನೆನೆಯುತ್ತಾರೆ, ಆಗ ಫೋನ್ ನೋಡುತ್ತ ಕೂರಬೇಡಿ. ಬಿಳಿಯರ ಊರು ಎದ್ದದ್ದು 1860ರ ದಶಕದ ನಡುವೆ, 1866ರಲ್ಲಿ ಪುರಸಭೆ ಆಯಿತು. ಹೆಸರು ರಾಬರ್ಟ್ ಟೌನ್ಸ್ ಎಂಬ ವ್ಯಾಪಾರಿಯದು. ಇವನ ಕಥೆಗೆ ನಮ್ಮ ಜಿಲ್ಲೆಯ ಕಥೆ ತಾಗುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು, ಹುಬ್ಬಳ್ಳಿ ಪೇಟೆ ಕುದುರಿತು. ಅದೇ ಆಸೆಗೆ ಟೌನ್ಸ್ ದಕ್ಷಿಣ ಕ್ವೀನ್ಸ್‌ಲ್ಯಾಂಡಿನಲ್ಲಿ ಹತ್ತಿ ಹಾಕಿದ. 1863ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಕೂಲಿಗಳನ್ನು ಹಡಗಿನಲ್ಲಿ ತರಿಸಿದ. ಹತ್ತಿ ಹೋಗಿ ಕಬ್ಬು ಬಂದರೂ ಆ ಪದ್ಧತಿ ನಿಲ್ಲಲಿಲ್ಲ. ನಾಲ್ಕು ದಶಕದಲ್ಲಿ 60,000ಕ್ಕೂ ಹೆಚ್ಚು ಜನರನ್ನು ತಂದರು, ಎಷ್ಟೋ ಜನರನ್ನು ಮೋಸದಿಂದ, ಬಲವಂತದಿಂದ. 1901ರ ಕಾನೂನಿನ ನಂತರ ಬಹುಪಾಲು ಜನರನ್ನು ವಾಪಸ್ ಅಟ್ಟಿದರು. ಉಳಿದವರ ಮೊಮ್ಮಕ್ಕಳು ಈಗಲೂ ಮೆಕೈ ಮತ್ತು ಸುತ್ತಲಿನ ಕಬ್ಬಿನ ಊರುಗಳಲ್ಲಿದ್ದಾರೆ. ನಿಮ್ಮ ಸಹೋದ್ಯೋಗಿಯೂ ಅವರಲ್ಲೊಬ್ಬರಾಗಿರಬಹುದು.

ಎಡ್ಡಿ ಕೊಯಿಕಿ ಮಾಬೊ ಹೆಸರನ್ನೂ ತಿಳಿದಿರಿ. ಟಾರೆಸ್ ಜಲಸಂಧಿಯ ಮೇರ್ ದ್ವೀಪದವರು. ಟೌನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದರು. ತನ್ನ ದ್ವೀಪದ ಹೊಲ ಕಾನೂನಿನ ಲೆಕ್ಕದಲ್ಲಿ ಸರ್ಕಾರದ್ದು ಎಂದು ಅಲ್ಲಿನ ಇತಿಹಾಸದ ಅಧ್ಯಾಪಕರ ಜೊತೆ ಮಾತಾಡುವಾಗ ಅವರಿಗೆ ಗೊತ್ತಾಯಿತು. ಕೋರ್ಟಿಗೆ ಹೋದರು. 1992ರ ಜೂನ್ 3ರಂದು ತೀರ್ಪು ದ್ವೀಪದವರ ಪರ ಬಂತು, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಹೊಲದ ಉತಾರಕ್ಕಾಗಿ ತಲಾಟಿ ಕಚೇರಿಗೆ ಅಲೆದ ಮನೆತನದವರಿಗೆ ಈ ಕಥೆ ಬೇಗ ಮನಸ್ಸಿಗೆ ಇಳಿಯುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಈಗ ಅವರ ಹೆಸರಿದೆ.

ವೀಸಾ, ತೆರಿಗೆ ನನ್ನನ್ನು ಕೇಳಬೇಡಿ, ನಿಯಮ ಬದಲಾಗುತ್ತಲೇ ಇರುತ್ತವೆ. ಪೆಟ್ಟಿಗೆಯಲ್ಲಿ ಏನು ಹಾಕಬಾರದು ಅಂತ ಹೇಳಬಲ್ಲೆ. ಧಾರವಾಡ ಪೇಢೆ ಬೇಡ. ಹಾಲಿನ ಸಿಹಿತಿಂಡಿಯನ್ನು ಅಲ್ಲಿ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ, ದನಗಳ ಕಾಲುಬಾಯಿ ರೋಗದ ಭಯ ಅವರಿಗೆ. ಬಿತ್ತನೆ ಬೀಜ, ಹಸಿ ಕರಿಬೇವು ಕೂಡ ಬೇಡ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯುವವರು ಇಳಿಯುವ ಮೊದಲು ಕೊಡುವ ಫಾರ್ಮಿನಲ್ಲಿ ಇದೆ ಅಂತ ಬರೆಯಿರಿ. ಹೇಳಿದರೆ ಹೆಚ್ಚೆಂದರೆ ಬಿಸಾಡುತ್ತಾರೆ, ಮುಚ್ಚಿಟ್ಟರೆ ದಂಡ. ಜೋಳದ ಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಎಕರೆಗಟ್ಟಲೆ ಜೋಳ ಬೆಳೆಯುತ್ತಾರೆ, ಆದರೆ ಅದು ಹೆಚ್ಚಾಗಿ ದನಕ್ಕೆ. ನಾವು ರೊಟ್ಟಿ ಬಡಿದು ತಿನ್ನುತ್ತೇವೆ ಅಂದರೆ ಅಲ್ಲಿನ ರೈತರು ನಗುತ್ತಾರೆ, ತಿಂದು ನೋಡಿದ ಮೇಲೆ ಇನ್ನೊಂದು ಕೇಳುತ್ತಾರೆ.

ಹಬ್ಬಗಳು ಮನೆ ಮನೆಯಲ್ಲಿ. ಗಣಪನನ್ನು ಮಣ್ಣಿನಲ್ಲಿ ಮಾಡಿ, ಬಕೆಟ್ಟಿನಲ್ಲೇ ಬಿಡಿ, ನದಿಗೆ ಒಯ್ಯಬೇಡಿ. ದೀಪಾವಳಿಗೆ ಪಟಾಕಿ ಇಲ್ಲ, ಲೈಸೆನ್ಸ್ ಇಲ್ಲದೆ ಹಾರಿಸುವುದು ಅಪರಾಧ. ತೆಲುಗು, ತಮಿಳು, ಮಲಯಾಳಂ, ನೇಪಾಳಿ ಮನೆಗಳ ಜೊತೆ ಸೇರಿ ಮಾಡಿದರೆ ಹಬ್ಬಕ್ಕೆ ಕಳೆ. ಕನ್ನಡ ಮಾತ್ರ ಮನೆಯಲ್ಲೇ ಉಳಿಯಬೇಕು. ಮಕ್ಕಳ ಜೊತೆ ಊರಿನ ಕನ್ನಡವನ್ನೇ ಆಡಿ, ಧಾರವಾಡಕ್ಕೆ ಬಂದಾಗ ಅಜ್ಜನ ಜೊತೆ ಜಗಳಾಡಲಿಕ್ಕಾದರೂ ಬರಲಿ. ಭಾರತಕ್ಕಿಂತ ಅಲ್ಲಿ ನಾಲ್ಕೂವರೆ ತಾಸು ಮುಂದೆ, ಹಾಗಾಗಿ ಅಜ್ಜಿಗೆ ಫೋನ್ ಮಾಡಲು ಅಲ್ಲಿನ ರಾತ್ರಿ ಎಂಟು ಗಂಟೆ ಒಳ್ಳೆ ಹೊತ್ತು.

ಊರಿನವರ ಜೊತೆ ಬೆರೆಯಲು ಸುಲಭ ದಾರಿ ರಗ್ಬಿ ಲೀಗ್. ಕೌಬಾಯ್ಸ್ ಅವರ ತಂಡ, 2015ರಲ್ಲಿ ಪ್ರಶಸ್ತಿ ಗೆದ್ದಿತು, ಆ ರಾತ್ರಿಯ ಕಥೆಯನ್ನು ಇನ್ನೂ ಹೇಳುತ್ತಾರೆ. ಆಟ ತಿಳಿಯದಿದ್ದರೂ ಸೋಮವಾರ ಯಾರು ಗೆದ್ದರು ಅಂತ ಕೇಳಿ ಸಾಕು. ಇನ್ನೊಂದು ದಾರಿ ಮಾವು. ನವೆಂಬರ್, ಡಿಸೆಂಬರ್‌ನಲ್ಲಿ ಹಿತ್ತಲ ಮರಗಳು ಬಾಗುತ್ತವೆ. ಅಲ್ಲಿನ ಹೆಸರಾದ ತಳಿಯನ್ನು ಬೋವೆನ್ ಮಾವು ಅನ್ನುತ್ತಾರೆ. ಭಾರತದ ಸೈನ್ಯಕ್ಕೆ ಕುದುರೆ ಸಾಗಿಸುತ್ತಿದ್ದ ವ್ಯಾಪಾರಿಗಳು 19ನೇ ಶತಮಾನದಲ್ಲಿ ಅದರ ಓಟೆ ತಂದರು ಅಂತ ಅಲ್ಲಿನವರು ಹೇಳುತ್ತಾರೆ. ನಮ್ಮ ಆಪೂಸಿನ ಮುಂದೆ ಅದು ಏನೂ ಅಲ್ಲ, ಆದರೆ ಇದನ್ನು ಅಲ್ಲಿ ಜೋರಾಗಿ ಹೇಳಬೇಡಿ. ಪಕ್ಕದ ಮನೆಯವರು ಒಂದು ಚೀಲ ಹಣ್ಣು ತಂದುಕೊಟ್ಟರೆ ಚೀಲವನ್ನು ಖಾಲಿ ವಾಪಸ್ ಕೊಡಬೇಡಿ. ಚಕ್ಕುಲಿ ಹಾಕಿ ಕೊಡಿ, ಮೊದಲ ಸಲ ಖಾರ ಕಡಿಮೆ ಇರಲಿ.